ಮಾತು ನಿಂತವರ ಕನ್ನಡ: ಅಫೇಸಿಯಾ ಚಿಕಿತ್ಸೆಯ ಚರಿತ್ರೆ ಮತ್ತು ವಿಜಯಪುರ ಸೀಮೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಯಾರಿಗಾದರೂ ಲಕ್ವಾ ಹೊಡೆದರೆ ಮನೆಯವರ ಕಣ್ಣು ಮೊದಲು ಕೈಕಾಲಿನ ಮೇಲೆ. ‘ಮಾತೂ ನಿಂತಾವ’ ಎನ್ನುವುದು ಆಮೇಲೆ. ಸಾಮಾನ್ಯವಾಗಿ ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು, ಬುದ್ಧಿ ಬಹುಮಟ್ಟಿಗೆ ಉಳಿದಿದ್ದೂ ಭಾಷೆ ಕೈಕೊಡುವ ಸ್ಥಿತಿಯೇ ಅಫೇಸಿಯಾ. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ.

1861ರಲ್ಲಿ ಪಾಲ್ ಬ್ರೋಕಾ, 1874ರಲ್ಲಿ ಕಾರ್ಲ್ ವೆರ್ನಿಕೆ ಇದರ ಎರಡು ಮುಖ್ಯ ಬಗೆಗಳನ್ನು ಗುರುತಿಸಿದರು. ಕನ್ನಡದಲ್ಲಿ ಅಫೇಸಿಯಾ ಕುರಿತ ಕೆಲಸಕ್ಕೆ ನೆಲೆ ಸಿಕ್ಕಿದ್ದು ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ರೋಗಿಯೊಬ್ಬರು ಓದುವ ಶಕ್ತಿ ಕಳೆದುಕೊಂಡ ಬಗ್ಗೆ ಪ್ರತಿಭಾ ಕಾರಂತರು 1981ರಲ್ಲಿ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ ಬರೆದರು. ಅವರೇ ರೂಪಿಸಿದ ‘ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್’ ಧ್ವನಿ, ವಾಕ್ಯರಚನೆ, ಅರ್ಥಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲಿ ತಪ್ಪುತ್ತವೆಂದು ನೋಡುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ತಿರುವು ಇದೇ. ಇಂಗ್ಲಿಷ್ ಪರೀಕ್ಷೆಯೊಂದನ್ನು ಅನುವಾದಿಸಿದ ಮಾತ್ರಕ್ಕೆ ಕನ್ನಡದ ಪ್ರತ್ಯಯಗಳು ಅದರಲ್ಲಿ ಸಿಗುವುದಿಲ್ಲ. ಮುಂದೆ ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ಯ ಕನ್ನಡ ರೂಪ ಬಂತು, ಅದರ ಮಾನದಂಡಗಳನ್ನು ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ 2008ರಲ್ಲಿ ಪ್ರಕಟಿಸಿದರು. ಎಸ್. ಪಿ. ಗೋಸ್ವಾಮಿ ಮತ್ತು ಸಂಗಡಿಗರು ವಯಸ್ಕರ ಚಿಕಿತ್ಸೆಗೆಂದೇ ಕನ್ನಡ ಕೈಪಿಡಿ ಸಿದ್ಧಪಡಿಸಿದರು.

ಈ ಸಾಧನಗಳು ಸಿಂದಗಿಯ ರೈತನ ಮುಂದೆ ಬಂದಾಗ ಏನಾಗುತ್ತದೆ? ಚಿತ್ರ ತೋರಿಸಿ ‘ಅಜ್ಜ ಎಲ್ಲಿದಾನೆ?’ ಎಂದು ಕೇಳಿದರೆ ನಿರೀಕ್ಷಿತ ಉತ್ತರ ‘ಮನೆಯಲ್ಲಿ’. ಆತ ‘ಮನ್ಯಾಗ’ ಎನ್ನುತ್ತಾನೆ. ಅದು ಪೂರ್ತಿ ಸರಿ, ಸಪ್ತಮಿ ವಿಭಕ್ತಿ ಗಟ್ಟಿಯಾಗಿದೆ. ‘ಮನಿ’ ಎಂದಷ್ಟೇ ಹೇಳಿ ತಡವರಿಸಿದರೆ ಮಾತ್ರ ವ್ಯಾಕರಣಕ್ಕೆ ಪೆಟ್ಟು ಬಿದ್ದ ಸೂಚನೆ. ಚೊಂಬಿನ ಚಿತ್ರಕ್ಕೆ ‘ತಂಬಗಿ’ ಎಂದವರಿಗೂ ಪೂರ್ತಿ ಅಂಕ ಸಲ್ಲಬೇಕು. ಈ ಸೂಕ್ಷ್ಮ ಪರೀಕ್ಷಕರಿಗೆ ತಿಳಿಯದಿದ್ದರೆ ಆರೋಗ್ಯವಾಗಿರುವ ಆಡುಮಾತೇ ರೋಗದ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಂಡಿಯ ಗಡಿಯಲ್ಲಿ ಮರಾಠಿ, ಪಟ್ಟಣಗಳಲ್ಲಿ ದಖ್ಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಜೊತೆಗಿವೆ; ಎರಡು ಭಾಷೆಯವರಲ್ಲಿ ಒಂದು ಬೇಗ, ಇನ್ನೊಂದು ನಿಧಾನವಾಗಿ ಮರಳಬಹುದು. ಹಾಗಾಗಿ ಮನೆಯಲ್ಲಿ ಯಾವ ಭಾಷೆ, ಸಂತೆಯಲ್ಲಿ ಯಾವುದು ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಮಾತು ನಿಂತವರಲ್ಲೂ ಹಲವರು ಒಂದರಿಂದ ಹತ್ತು ಎಣಿಸಬಲ್ಲರು, ಬಾಯಿಪಾಠದ ಪ್ರಾರ್ಥನೆ ಹೇಳಬಲ್ಲರು. ನೀರು ಕೇಳಲು ಮಾತ್ರ ಬಾಯಿ ಬರುವುದಿಲ್ಲ. ಬಸವಣ್ಣನ ಹುಟ್ಟೂರಾದ ಬಾಗೇವಾಡಿಯಲ್ಲಿ ರೂಢಿಯಾದ ವಚನವೊಂದು ಅಭ್ಯಾಸಕ್ಕೆ ಒಳ್ಳೆಯ ಆರಂಭವಾದೀತು. ಆದರೆ ಮನೆಯವರು ಅದನ್ನೇ ಗುಣವೆಂದು ತಿಳಿದು ಚಿಕಿತ್ಸೆ ನಿಲ್ಲಿಸಬಾರದು.

ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿನ ಸಂಸ್ಥೆಗೆ ಒಮ್ಮೆ ಹೋಗಿ ಬರಬಹುದು. ತಿಂಗಳುಗಟ್ಟಲೆ ಬೇಕಾಗುವ ಅಭ್ಯಾಸಕ್ಕೆ ಆ ದಾರಿ ಆಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೇ ಮನೆಯವರಿಗೆ ತರಬೇತಿ ಸಿಗಬೇಕು: ಹೌದು-ಇಲ್ಲ ಎನ್ನುವಂಥ ಪ್ರಶ್ನೆ ಕೇಳುವುದು, ಚಿತ್ರ ತೋರಿಸುವುದು, ಉತ್ತರಕ್ಕೆ ಕಾಯುವುದು. ಕಾನೂನೂ ಇವರ ಕಡೆಗಿದೆ. 1995ರ ಅಂಗವಿಕಲರ ಕಾಯ್ದೆ ಪಟ್ಟಿಮಾಡಿದ 7 ಬಗೆಗಳಲ್ಲಿ ಮಾತಿನ ವೈಕಲ್ಯ ಇರಲಿಲ್ಲ; 21 ಬಗೆಗಳನ್ನು ಹೇಳುವ 2016ರ ಕಾಯ್ದೆ ಅಫೇಸಿಯಾವನ್ನು ಹೆಸರಿಸಿಯೇ ಸೇರಿಸಿದೆ. ತೊಂದರೆ ಕಾಯಂ ಎಂದು ದೃಢಪಟ್ಟವರು, ಕೈಕಾಲು ಗಟ್ಟಿಯಿದ್ದರೂ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.