ಮನೆಯ ಎರಡನೇ ಗಾಡಿ

ಚಿತ್ರದುರ್ಗದ ಸೀಮೆಯ ಉಳ್ಳವರ ಮನೆಯಂಗಳದಲ್ಲಿ ಹಿಂದೆ ಎರಡು ಬಂಡಿಗಳಿರುತ್ತಿದ್ದವು. ಒಂದು ಹೇರಿಗೆ: ತಿಪ್ಪೆಗೊಬ್ಬರ, ಶೇಂಗಾ ಚೀಲ, ಕೊಯ್ದ ರಾಗಿ. ಇನ್ನೊಂದು ಸವಾರಿಗೆ: ಬಿದಿರ ದಬ್ಬೆ ಬಾಗಿಸಿ, ಮೇಲೆ ಚಾಪೆ ಹೊದಿಸಿದ ಕೊಲ್ಲಾರಿ ಬಂಡಿ. ಹೇರುಬಂಡಿಗೆ ವಾರವಿಡೀ ಕೆಲಸ. ಕೊಲ್ಲಾರಿ ಈಚೆ ಬರುತ್ತಿದ್ದುದು ನಾಯಕನಹಟ್ಟಿ ತಿಪ್ಪೇಸ್ವಾಮಿಯ ಜಾತ್ರೆಗೆ, ಮದುವೆಗೆ, ತವರಿನಿಂದ ಬಾಣಂತಿಯನ್ನು ಕರೆತರುವುದಕ್ಕೆ. ದುಡಿಯುವ ಗಾಡಿ ಬೇರೆ, ಓಡಾಡುವ ಗಾಡಿ ಬೇರೆ ಎಂಬ ಲೆಕ್ಕ ಕಾರಿನ ಜತೆ ಬಂದದ್ದಲ್ಲ.

ಎತ್ತುಗಳು ಹೋದ ಮೇಲೆ ಆ ಎರಡನೇ ಜಾಗಕ್ಕೆ ಲೂನಾ ಬಂತು, ಟಿವಿಎಸ್ 50 ಬಂತು, ಗೇರಿಲ್ಲದ ಕೈನೆಟಿಕ್ ಹೋಂಡಾ ಬಂತು. ಗಂಡಸರ ಬೈಕು ಹೊಲಕ್ಕೋ ಮಂಡಿಗೋ ಹೋದರೆ, ಮಕ್ಕಳ ಶಾಲೆ, ಸಂತೆ, ಆಸ್ಪತ್ರೆ ಎಲ್ಲವೂ ಈ ಸಣ್ಣ ಗಾಡಿಯ ಪಾಲು. ಇವತ್ತು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲಿ ಮೊದಲ ಕಾರಿನ ಪಕ್ಕ ಕಡಿಮೆ ಬೆಲೆಯ ಎಲೆಕ್ಟ್ರಿಕ್ ಕಾರೊಂದನ್ನು ನಿಲ್ಲಿಸುವ ಮಾತು ಬಂದಾಗ ಜನ ಅದನ್ನು ಹೊಸ ಕಾಲದ ಚಿಂತೆ ಎಂದುಕೊಳ್ಳುತ್ತಾರೆ. ಅದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಇಲ್ಲಿಂದ ಇನ್ನೂರು ಕಿ.ಮೀ. ದೂರದ ಬೆಂಗಳೂರಿನಲ್ಲಿ.

ಅದಕ್ಕೂ ಮೊದಲಿನದು ಅಮೆರಿಕದ ಕತೆ. 1908ರಲ್ಲಿ ಮಾಡೆಲ್ ಟಿ ಕಾರು ಹೊರತಂದು ಪೆಟ್ರೋಲನ್ನು ಗೆಲ್ಲಿಸಿದವನು ಹೆನ್ರಿ ಫೋರ್ಡ್. ಅವನ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದು ಮಾತ್ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು. ಆ ಕಾಲದ ಪೆಟ್ರೋಲ್ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುವಿ ಚಾಲೂ ಮಾಡಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈ ಮುರಿಯುವ ಭಯ ಬೇರೆ. ಬ್ಯಾಟರಿ ಕಾರಿಗೆ ಹೊಗೆಯಿಲ್ಲ, ಗದ್ದಲವಿಲ್ಲ, ಗೇರಿನ ಗುದ್ದಾಟವಿಲ್ಲ. ಸಿರಿವಂತರು ಅದನ್ನು ಪೇಟೆಯೊಳಗಿನ ಓಡಾಟಕ್ಕೆಂದು ಮನೆಯ ಹೆಂಗಸರಿಗೆ ಕೊಡಿಸುತ್ತಿದ್ದರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದದ್ದೇ ತಡ, ಈ ಅನುಕೂಲದ ಅರ್ಧ ಕರಗಿಹೋಯಿತು. ಬ್ಯಾಟರಿ ಕಾರನ್ನು ಮೂಲೆಗೆ ತಳ್ಳಿದವುಗಳಲ್ಲಿ ಒಂದು ಸಣ್ಣ ಎಲೆಕ್ಟ್ರಿಕ್ ಮೋಟಾರೂ ಇತ್ತೆಂಬುದು ತಮಾಷೆಯ ಸಂಗತಿ.

ಭಾರತದಲ್ಲಿ ಮೊದಲು ಕಂಡದ್ದು ಲವ್‌ಬರ್ಡ್. ಎಡ್ಡಿ ಕರೆಂಟ್ ಕಂಟ್ರೋಲ್ಸ್ ಎಂಬ ಕಂಪನಿ ಜಪಾನಿನ ಯಾಸ್ಕಾವಾ ಜತೆ ಸೇರಿ ಮಾಡಿದ ಎರಡು ಸೀಟಿನ ಕಾರು ಅದು. 1993ರಲ್ಲಿ ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ಎಲ್ಲರ ಕಣ್ಣಿಗೆ ಬಿದ್ದು, ರಸ್ತೆಯಲ್ಲಿ ಹೆಚ್ಚು ಕಾಣಿಸದೆ ಮರೆಯಾಯಿತು.

ನಿಜವಾಗಿ ಬೀದಿಗಿಳಿದದ್ದು ರೇವಾ. ಅದರ ಹಿಂದಿದ್ದ ಚೇತನ್ ಮೈನಿ ಬೆಂಗಳೂರಿನ ಉದ್ಯಮಿ ಸುದರ್ಶನ್ ಮೈನಿ ಅವರ ಮಗ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ 1990ರಲ್ಲಿ ಸೌರ ಕಾರಿನ ತಂಡದಲ್ಲಿದ್ದರು. ಆ ತಂಡ ಅಮೆರಿಕದ ಪಂದ್ಯ ಗೆದ್ದು, ಆಸ್ಟ್ರೇಲಿಯಾದ ಪಂದ್ಯದಲ್ಲಿ ಮೂರನೆಯದಾಗಿ ಬಂತು. ಮೈನಿ ಸಮೂಹ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯ ಜತೆ ಸೇರಿ 1994ರಲ್ಲಿ ರೇವಾ ಕಂಪನಿ ಕಟ್ಟಿತು. ರೇವಾ ಎಂಬುದು ಚೇತನ್ ಅವರ ತಾಯಿಯ ಹೆಸರು, ನರ್ಮದಾ ನದಿಗೂ ಅದೇ ಹೆಸರು. ಏಳು ವರ್ಷದ ತಿದ್ದುಪಡಿ, ಪರೀಕ್ಷೆಗಳ ಬಳಿಕ 2001ರಲ್ಲಿ ಬೊಮ್ಮಸಂದ್ರದಿಂದ ಕಾರು ಹೊರಬಂತು.

ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಮುದುರಿ ಕೂರಬಲ್ಲ ಇಬ್ಬರು ಮಕ್ಕಳು. ಉದ್ದ ಎರಡೂವರೆ ಮೀಟರಿಗಿಂತ ತುಸು ಹೆಚ್ಚು. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ. ಅವುಗಳ ತೂಕವೇ ಕಾಲು ಟನ್ನಿನ ಆಸುಪಾಸು. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ರಾತ್ರಿ ಚುಚ್ಚಿಟ್ಟರೆ ಬೆಳಿಗ್ಗೆ ತಯಾರು. ಒಂದು ಚಾರ್ಜಿಗೆ 80 ಕಿ.ಮೀ. ಎಂಬುದು ಕಂಪನಿಯ ಮಾತು. ಗುದ್ದಿದರೂ ನೆಗ್ಗದ ಪ್ಲಾಸ್ಟಿಕ್ ಮೈ. ಬೆಂಗಳೂರಿನ ಜನ ನಕ್ಕರು, ಆಟಿಕೆ ಎಂದರು. ಆದರೂ ಇಕ್ಕಟ್ಟಾದ ಮಾರ್ಕೆಟ್ ಬೀದಿಯಲ್ಲಿ ಅದನ್ನು ಒಂದೇ ಏಟಿಗೆ ತಿರುಗಿಸಿ ನಿಲ್ಲಿಸುವವರನ್ನು ಕಂಡು ಒಳಗೊಳಗೇ ಕರುಬಿದವರೂ ಇದ್ದರು.

ರೇವಾ ಮಾಡಿದವರು ತಮ್ಮ ಕಾರು ಮನೆಯ ಏಕೈಕ ವಾಹನ ಎಂದು ನಟಿಸಲಿಲ್ಲ. ಪಟ್ಟಣದೊಳಗಿನ ದಿನದ ಓಡಾಟಕ್ಕೆಂದೇ ಅದರ ಅಳತೆ ತೆಗೆದದ್ದು. ತೊಂದರೆಯೆಂದರೆ, ಆಗ ಇಲ್ಲಿನ ಬಹುಪಾಲು ಮನೆಗಳಿಗೆ ಮೊದಲ ಕಾರೇ ಇರಲಿಲ್ಲ. ಹೆಚ್ಚೂಕಡಿಮೆ ಮಾರುತಿ 800ರ ಬೆಲೆಯಲ್ಲಿ ಊರು ದಾಟಲಾರದ ಗಾಡಿಯನ್ನು ಯಾರು ಕೊಂಡಾರು? ಜತೆಗೆ ಸೀಸದ ಬ್ಯಾಟರಿಗೆ ಆಗಾಗ ನೀರು ಹಾಕಬೇಕು, ಮೂರ್ನಾಲ್ಕು ವರ್ಷಕ್ಕೆ ಇಡೀ ಸೆಟ್ಟು ಬದಲಿಸಬೇಕು. ಎರಡನೇ ಗಾಡಿ ತಯಾರಾಗಿತ್ತು, ಅದು ನಿಲ್ಲಬೇಕಾದ ಅಂಗಳ ಇನ್ನೂ ತಯಾರಾಗಿರಲಿಲ್ಲ.

ದುರ್ಗದವರಿಗಂತೂ ಅದು ಪೇಪರಿನ ಸುದ್ದಿಯಷ್ಟೇ. ಬೆಂಗಳೂರು ಬಿಟ್ಟರೆ ತುಮಕೂರು ದಾಟುವಷ್ಟರಲ್ಲಿ ಏದುಸಿರು ಬಿಡುವ ಕಾರು ಶಿರಾ, ಹಿರಿಯೂರು ಕಾಣುವುದೆಲ್ಲಿ? ಅದೇ ಹೊತ್ತಿಗೆ ಸುವರ್ಣ ಚತುಷ್ಪಥದ ಕೆಲಸ ಸಾಗಿ, ಚೆನ್ನೈ–ಮುಂಬೈ ಹಾದಿ ಈ ಜಿಲ್ಲೆಯ ನಡುವೆ ಅಗಲವಾಗುತ್ತಿತ್ತು. ಹೆದ್ದಾರಿಯ ವೇಗ ಏರುತ್ತ ಹೋದಂತೆ, ಗಂಟೆಗೆ 65 ಕಿ.ಮೀ. ಓಡುವ ಗಾಡಿ ಅಲ್ಲಿ ಇನ್ನಷ್ಟು ಬಡವಾಯಿತು.

ರೇವಾ ತನ್ನ ಅಂಗಳವನ್ನು ಲಂಡನ್ನಿನಲ್ಲಿ ಕಂಡುಕೊಂಡಿತು. 2003ರ ಫೆಬ್ರುವರಿಯಲ್ಲಿ ಆ ನಗರ ತನ್ನ ನಡುಭಾಗಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಿತು. ಬ್ಯಾಟರಿ ಕಾರಿಗೆ ವಿನಾಯಿತಿ. ಮರುವರ್ಷ ಜಿ-ವಿಜ್ ಎಂಬ ಹೆಸರಿನಲ್ಲಿ ಬೆಂಗಳೂರಿನ ಕಾರು ಅಲ್ಲಿ ಮಾರಾಟಕ್ಕೆ ಬಂತು. ಒಂದು ದೊಡ್ಡ ಕಾರು ಮೊದಲೇ ಇದ್ದ ಮನೆಗಳು ಅದನ್ನು ಕೊಂಡವು. ಟಾಪ್ ಗೇರ್ ಟಿವಿ ಕಾರ್ಯಕ್ರಮದವರು ಮನಸಾರೆ ಲೇವಡಿ ಮಾಡಿದರು. ಕಾನೂನಿನ ಲೆಕ್ಕದಲ್ಲಿ ಅದು ಪೂರ್ತಿ ಕಾರಲ್ಲ, ನಾಲ್ಕು ಚಕ್ರದ ಹಗುರ ವಾಹನ. ಡಿಕ್ಕಿ ಪರೀಕ್ಷೆಯ ಚಿತ್ರಗಳು ಹೊರಬಂದಾಗ ನಗು ಆತಂಕಕ್ಕೆ ತಿರುಗಿದ್ದೂ ನಿಜ. ಅಗ್ಗದ ಎರಡನೇ ಗಾಡಿಯೆಂದರೆ ಮಕ್ಕಳು ಕೂರುವ ಗಾಡಿ. ಆ ಆತಂಕ ಸುಮ್ಮನೆ ತಳ್ಳಿಹಾಕುವಂಥದ್ದಾಗಿರಲಿಲ್ಲ.

2010ರ ಮೇ ತಿಂಗಳಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಒಂದು ಚಾರ್ಜಿಗೆ 100 ಕಿ.ಮೀ., ದೆಹಲಿಯಲ್ಲಿ ಬೆಲೆ ಸುಮಾರು 6 ಲಕ್ಷ. ಆ ದುಡ್ಡಿಗೆ ನಾಲ್ಕು ಬಾಗಿಲಿನ, ಎಲ್ಲಿಗೂ ಹೋಗಬಲ್ಲ ಸ್ವಿಫ್ಟ್ ಸಿಗುತ್ತಿತ್ತು. 2016ರಲ್ಲಿ ಇ2ಒಗೂ ನಾಲ್ಕು ಬಾಗಿಲು ಬಂದವು, ಕೊಳ್ಳುವವರು ಬರಲಿಲ್ಲ.

ಆಮೇಲಿನದು ಸರ್ಕಾರದ ಕಾಗದಗಳಲ್ಲಿದೆ. ಕರ್ನಾಟಕ 2017ರಲ್ಲಿ ವಿದ್ಯುತ್ ವಾಹನ ನೀತಿ ತಂದಿತು, ದೇಶದಲ್ಲಿ ಮೊದಲು. 2018ರಲ್ಲಿ ಹಸಿರು ನಂಬರ್ ಪ್ಲೇಟು. 2019ರ ಆಗಸ್ಟಿನಲ್ಲಿ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. 2022ರ ಸೆಪ್ಟೆಂಬರಿನಲ್ಲಿ ಟಾಟಾ ಟಿಯಾಗೊ ಎಲೆಕ್ಟ್ರಿಕ್ 8.49 ಲಕ್ಷದ ಆರಂಭಿಕ ಬೆಲೆಗೆ ಬಂದಾಗ, ಅಗ್ಗ ಎಂಬ ಮಾತನ್ನು ಮತ್ತೆ ಆಡುವಂತಾಯಿತು.

ಅದರ ಮರುವರ್ಷ ಎಂಜಿ ಕಂಪನಿಯ ಕಾಮೆಟ್ ಬಂತು. ರೇವಾ ನೆನಪಿರುವವರಿಗೆ ಅದನ್ನು ಕಂಡಾಗ ನಗು ಬರದಿರದು. ಮತ್ತೆ ಎರಡೇ ಬಾಗಿಲು, ಮೂರು ಮೀಟರಿಗಿಂತ ಕಡಿಮೆ ಉದ್ದ. ರಾತ್ರಿ ಚುಚ್ಚುವುದು ಅದೇ 15 ಆಂಪಿಯರ್ ಸಾಕೆಟ್ಟಿಗೆ! ರೇವಾ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದುದು ಹತ್ತು ಯೂನಿಟ್ಟಿನೊಳಗೆ, ಇದಕ್ಕೆ 17.3 ಯೂನಿಟ್. ಕಂಪನಿ ಹೇಳುವ ಓಟ 230 ಕಿ.ಮೀ. ಎಸಿ ಹಾಕಿಕೊಂಡು ನಾಲ್ಕು ಜನ ಕೂತರೆ ಅದು ಇಳಿಯುತ್ತದೆಂಬುದು ಬೇರೆ ಮಾತು. 2024ರಲ್ಲಿ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆ ತಂದು ಕಾರಿನ ಬೆಲೆಯನ್ನು 4.99 ಲಕ್ಷಕ್ಕೆ ಇಳಿಸಿದರು, ಮೇಲೆ ಕಿ.ಮೀ.ಗೆ 2.5 ರೂಪಾಯಿ. ಹಿಂದೆ ಎತ್ತನ್ನು ಬಾಡಿಗೆಗೆ ತಂದು ಸ್ವಂತ ಬಂಡಿಗೆ ಕಟ್ಟಿದವರಿಗೆ ಈ ವ್ಯವಹಾರವನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ದುರ್ಗದ ಅಂಗಳಕ್ಕೆ ಬರಬಹುದು. ಚಿತ್ರದುರ್ಗದಲ್ಲಿ ಮನೆ, ಹೊಳಲ್ಕೆರೆಯಲ್ಲಿ ಮೇಷ್ಟರ ಕೆಲಸ ಎಂದರೆ ದಿನಕ್ಕೆ ಹೋಗಿಬರುವ ದಾರಿ ಎಪ್ಪತ್ತರ ಆಸುಪಾಸು. ಹಿರಿಯೂರಾದರೆ ಎಂಬತ್ತು. ಊರೊಳಗಿನ ಶಾಲೆ, ಬ್ಯಾಂಕು, ಮಾರುಕಟ್ಟೆಯಷ್ಟೇ ಎಂದರೆ ಹದಿನೈದು ದಾಟದು. ರೇವಾ ಕಾಲಕ್ಕೆ ಈ ಮೂರರಲ್ಲಿ ಕೊನೆಯದಷ್ಟೇ ಧೈರ್ಯದ ಓಟ. ಇವತ್ತಿನ ಸಣ್ಣ ಬ್ಯಾಟರಿ ಕಾರಿಗೆ ಮೂರೂ ದಕ್ಕುತ್ತವೆ.

ಹಾಗೆಂದು ಕರೆಂಟು ಪುಕ್ಕಟೆಯಲ್ಲ, ಅಥವಾ ಪುಕ್ಕಟೆ ಇದ್ದುದೇ ತೊಡಕು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ದಿನಕ್ಕೆ ನಲವತ್ತು ಕಿ.ಮೀ. ಓಡುವ ಸಣ್ಣ ಕಾರು ಯೂನಿಟ್ಟಿಗೆ ಎಂಟು ಕಿ.ಮೀ. ಕೊಟ್ಟರೂ ತಿಂಗಳಿಗೆ ನೂರೈವತ್ತು ಯೂನಿಟ್ ಕುಡಿಯುತ್ತದೆ. ಫ್ರಿಜ್ಜು, ಮಿಕ್ಸಿ, ಗೀಸರಿನ ಮೇಲೆ ಅದನ್ನು ಹೇರಿದರೆ ಶೂನ್ಯ ಬಿಲ್ಲಿನ ಸುಖ ಮುಗಿಯಿತು. ವಿದ್ಯುತ್ ವಾಹನಕ್ಕೆಂದು ಬೆಸ್ಕಾಂನಲ್ಲಿ ಬೇರೆ ದರವಿದೆ, ಅದಕ್ಕೆ ಬೇರೆ ಮೀಟರು ಹಾಕಿಸಿಕೊಳ್ಳಬೇಕು. ಶೋರೂಮಿನಲ್ಲಿ ಬಣ್ಣ ಆರಿಸುವ ಮುಂಚೆ ಲೈನ್‌ಮನ್‌ನನ್ನು ಕರೆಸಿ ಮನೆಯ ಅರ್ತಿಂಗ್ ತೋರಿಸುವುದು ಜಾಣತನ. ಹಳೇ ಮನೆಗಳ ವೈರಿಂಗನ್ನು ರಾತ್ರಿಯಿಡೀ ಎಳೆಯುವ ಹೊರೆಗೆಂದು ಯಾರೂ ಮಾಡಿರಲಿಲ್ಲ.

ದುರ್ಗದ ಸುತ್ತಲ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಆಷಾಢದ ಗಾಳಿಗೆ ಅವು ರಾತ್ರಿಯೂ ಬಿಡುವಿಲ್ಲದೆ ದುಡಿಯುತ್ತವೆ. ಕಾರು ಚಾರ್ಜಿಗೆ ನಿಲ್ಲುವುದೂ ರಾತ್ರಿಯೇ. ಗ್ರಿಡ್ಡಿಗೆ ಸೇರಿದ ಮೇಲೆ ಆ ಕರೆಂಟು ರಾಯಚೂರಿನ ಕಲ್ಲಿದ್ದಲ ಕರೆಂಟಿನ ಜತೆ ಬೆರೆತುಹೋಗುತ್ತದೆ, ಇದು ನಮ್ಮ ಗುಡ್ಡದ್ದು ಎಂದು ಬೇರ್ಪಡಿಸಿ ತೋರಿಸಲಾಗದು. ಆದರೂ ಪೆಟ್ರೋಲ್ ಬಾವಿ ಒಂದೂ ಇಲ್ಲದ ಜಿಲ್ಲೆಯಲ್ಲಿ ಗಾಡಿಯ ಮೇವು ಊರ ಗುಡ್ಡದ ಮೇಲೆಯೇ ಹುಟ್ಟುವುದು ಎತ್ತಿನ ಬಂಡಿಯ ಕಾಲ ಮುಗಿದ ಮೇಲೆ ಇದೇ ಮೊದಲು.

ಉಳಿಯುವುದು ಹೊಸದುರ್ಗದ ಪ್ರಶ್ನೆ. ಚಿತ್ರದುರ್ಗದಿಂದ ಅಲ್ಲಿಗೆ ಹೋಗಿಬಂದರೆ ನೂರಿಪ್ಪತ್ತು ಕಿ.ಮೀ. ಸಮೀಪ, ಬೇಸಿಗೆಯಲ್ಲಿ ಎಸಿ ಬೇಕೇಬೇಕು, ನಂಟರ ಮನೆಯಲ್ಲಿ ಊಟಕ್ಕೆ ಕೂತ ಹೊತ್ತಿನಲ್ಲಿ ಸಾಕೆಟ್ ಕೇಳಲು ಸಂಕೋಚ. ಆ ದಿನಕ್ಕೆ ಮನೆಯವರು ಹೆಚ್ಚು ಯೋಚಿಸದೆ ದೊಡ್ಡ ಕಾರಿನ ಬೀಗದ ಕೈ ತೆಗೆದುಕೊಳ್ಳುತ್ತಾರೆ. ಸಣ್ಣದು ಅಂಗಳದಲ್ಲಿ ವೈರಿಗೆ ಕಟ್ಟಿಕೊಂಡು ನಿಂತಿರುತ್ತದೆ, ಸೋಮವಾರದ ಶಾಲೆಗೆ.