ಕಾಯುವ ವೇಳೆಯ ಲೆಕ್ಕ: ಡೇಟಾಬೇಸ್ ನಿಧಾನದ ಮೂಲ ಹುಡುಕಿದ ಚರಿತ್ರೆ ಮತ್ತು ವಿಜಯಪುರ ಜಿಲ್ಲೆಯ ಭೂದಾಖಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತರು ‘ಉತಾರ’ ಎನ್ನುವ ಪಹಣಿಯ ಹಿಂದೆ ಎರಡು ಬೇರೆ ಬೇರೆ ಕೆಲಸಗಳಿವೆ. ಇದ್ದ ದಾಖಲೆಯನ್ನು ಓದಿ ಮುದ್ರಿಸಿ ಕೊಡುವುದು ಒಂದು. ಮಾರಾಟ, ವಾರಸಾ, ವಾಟ್ನಿ ಆದಾಗ ಹೊಸ ನಮೂದು ಸೇರಿಸುವುದು ಇನ್ನೊಂದು. ‘ಸರ್ವರ್ ಸ್ಲೋ ಐತ್ರಿ’ ಎಂಬ ಮಾತು ಎರಡಕ್ಕೂ ಒಂದೇ ಉತ್ತರವಾಗಿ ಸಿಗುತ್ತದೆ. ಆದರೆ ಓದು ನಿಧಾನವಾಗುವ ಕಾರಣ ಬೇರೆ, ಸೇರ್ಪಡೆ ನಿಧಾನವಾಗುವ ಕಾರಣ ಬೇರೆ. ಈ ಲೇಖನದ ಕಾಳಜಿ ಎರಡನೆಯದು, ಅಂದರೆ ಇನ್ಸರ್ಟ್.

ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1903ರ ಹಕ್ಕುದಾಖಲೆ ಕಾಯ್ದೆ ಇಂಥ ನಮೂದುಗಳಿಗೆ ಕಾನೂನಿನ ನೆಲೆ ಕೊಟ್ಟಿತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 127ರಿಂದ 129ನೇ ಕಲಮುಗಳು ಅದೇ ಪದ್ಧತಿಯನ್ನು ಮುಂದುವರಿಸಿದವು. ಹಕ್ಕು ಬದಲಾವಣೆಯ ರಿಜಿಸ್ಟರಿನಲ್ಲಿ ಹೊಸ ನಮೂದು ಯಾವಾಗಲೂ ಕೊನೆಯ ಪುಟಕ್ಕೇ ಬರುತ್ತದೆ. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಅದೇ ಪುಟದಲ್ಲಿ ಬರೆಯಲಾಗದು. ಡೇಟಾಬೇಸ್ ಇಂಜಿನಿಯರುಗಳು ದಶಕಗಳ ಕಾಲ ಎದುರಿಸಿದ್ದು ಈ ಕೊನೆಯ ಪುಟದ ಇಕ್ಕಟ್ಟನ್ನೇ.

1972ರಲ್ಲಿ ಬೇಯರ್ ಮತ್ತು ಮೆಕ್‌ಕ್ರೈಟ್ ಪ್ರಕಟಿಸಿದ ಬಿ-ಟ್ರೀ ಕೋಟ್ಯಂತರ ದಾಖಲೆಗಳನ್ನು ಕ್ರಮವಾಗಿಡುವ ದಾರಿ ತೋರಿತು. ಆದರೆ ದಾಖಲೆಯನ್ನು ಗುರುತಿಸುವ ಕೀಲಿ ಏರುವ ಸಂಖ್ಯೆಯಾದರೆ ಪ್ರತಿ ಹೊಸ ದಾಖಲೆಯೂ ಮರದ ಬಲತುದಿಯ ಒಂದೇ ಪೇಜಿಗೆ ಹೋಗುತ್ತದೆ. 1985ರಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು ‘ಡೇಟಾಮೇಷನ್’ ಪತ್ರಿಕೆಯಲ್ಲಿ ಮಂಡಿಸಿದ ಡೆಬಿಟ್-ಕ್ರೆಡಿಟ್ ಪರೀಕ್ಷೆಯಲ್ಲೂ ಪ್ರತಿ ವಹಿವಾಟು ಚರಿತ್ರೆಯ ಕಡತಕ್ಕೆ ಒಂದು ಸಾಲು ಸೇರಿಸಬೇಕಿತ್ತು. ಇನ್ಸರ್ಟ್ ಅಂದೇ ಅಳತೆಗೋಲಿನ ಭಾಗವಾಗಿತ್ತು. ಆಗಿನ ದೊಡ್ಡ ಅಡ್ಡಿ ಡಿಸ್ಕ್: ವಹಿವಾಟು ಪಕ್ಕಾ ಆಯಿತೆನ್ನುವ ಮೊದಲು ಬದಲಾವಣೆಗಳನ್ನು ಬರೆದಿಡುವ ಲಾಗ್ ಡಿಸ್ಕಿಗೆ ಇಳಿಯಲೇಬೇಕು. ಹಲವು ವಹಿವಾಟುಗಳನ್ನು ಒಟ್ಟಿಗೆ ಇಳಿಸುವ ‘ಗ್ರೂಪ್ ಕಮಿಟ್’ ಆ ಹೊತ್ತಿನ ಮದ್ದು.

ಪ್ರೊಸೆಸರುಗಳು ಹೆಚ್ಚಿದಂತೆ ರೋಗದ ಲಕ್ಷಣವೇ ಬದಲಾಯಿತು. ಇನ್ಸರ್ಟ್ ತೆವಳುತ್ತಿದೆ, ಆದರೆ ಪ್ರೊಸೆಸರುಗಳು ಅರ್ಧ ಖಾಲಿ, ಡಿಸ್ಕೂ ಆರಾಮ. ಯಂತ್ರ ಎಷ್ಟು ದುಡಿಯುತ್ತಿದೆ ಎಂದು ಕೇಳುವ ಹಳೆಯ ಪದ್ಧತಿಗೆ ಇಲ್ಲಿ ಏನೂ ಕಾಣುವುದಿಲ್ಲ. ಕೆಲಸ ಯಾವುದಕ್ಕಾಗಿ ಕಾಯುತ್ತಿದೆ ಎಂದು ಕೇಳಬೇಕು. ಈ ಚರಿತ್ರೆಯ ನಿಜವಾದ ತಿರುವು ಇದೇ ಎಂದು ನನ್ನ ತಿಳಿವು. 1992ರಲ್ಲಿ ಬಂದ ಒರಾಕಲ್ 7 ಕಾಯುವ ಘಟನೆಗಳನ್ನು ಹೆಸರಿಟ್ಟು ಎಣಿಸತೊಡಗಿತು. 1999ರ ಹೊತ್ತಿಗೆ ಆಂಜೊ ಕೋಲ್ಕ್ ಮತ್ತು ಜೊತೆಗಾರರು, ಪ್ರತಿಕ್ರಿಯೆಯ ವೇಳೆ ಎಂದರೆ ದುಡಿದ ವೇಳೆ ಮತ್ತು ಕಾದ ವೇಳೆ ಸೇರಿದ್ದು ಎಂಬ ಸೂತ್ರವನ್ನು ಪದ್ಧತಿಯಾಗಿ ಕಟ್ಟಿಕೊಟ್ಟರು. ಎಸ್‌ಕ್ಯೂಎಲ್ ಸರ್ವರ್ 2005 ಮತ್ತು 2016ರ ಪೋಸ್ಟ್‌ಗ್ರೆಸ್ 9.6 ಇದೇ ನೋಟವನ್ನು ಸಾಮಾನ್ಯ ನಿರ್ವಾಹಕರ ಕೈಗೂ ಎಟುಕಿಸಿದವು. ಎಸ್‌ಕ್ಯೂಎಲ್ ಸರ್ವರಿನಲ್ಲಿ ‘ರೈಟ್‌ಲಾಗ್’ ಕಾಯುವಿಕೆ ಹೆಚ್ಚಿದ್ದರೆ ಲಾಗಿನ ಡಿಸ್ಕ್ ಅಥವಾ ಸಾಲಿಗೊಂದು ಕಮಿಟ್ ಮಾಡುವ ಪ್ರೋಗ್ರಾಂ ಮೇಲೆ ಅನುಮಾನ. ‘ಪೇಜ್‌ಲ್ಯಾಚ್’ ಹೆಚ್ಚಿದ್ದರೆ ಮೆಮೊರಿಯಲ್ಲೇ ಇರುವ ಒಂದು ಪೇಜಿಗಾಗಿ ತಿಕ್ಕಾಟ.

ಇನ್ನೂ ಆಳಕ್ಕೆ ಹೋದದ್ದು ಶೋರ್-ಎಂಟಿ ಎಂಬ ಡೇಟಾಬೇಸ್ ತಂತ್ರಾಂಶದ 2009ರ ಸಂಶೋಧನೆ. ರಯಾನ್ ಜಾನ್ಸನ್, ಅನಸ್ತೇಸಿಯಾ ಐಲಮಾಕಿ ಮುಂತಾದವರು ಏಕಕಾಲಕ್ಕೆ ಓಡುವ ಪ್ರತಿ ಥ್ರೆಡ್ಡಿಗೂ ಅದರದೇ ಪ್ರತ್ಯೇಕ ಟೇಬಲ್ ಕೊಟ್ಟು ಬರೀ ಇನ್ಸರ್ಟ್ ಮಾಡಿಸಿದರು. ಒಂದರ ದಾಖಲೆ ಇನ್ನೊಂದು ಮುಟ್ಟುವಂತಿರಲಿಲ್ಲ. ಆದರೂ 32 ಥ್ರೆಡ್‌ಗಳ ಯಂತ್ರದಲ್ಲಿ ಆಗಿನ ಮುಕ್ತ ತಂತ್ರಾಂಶಗಳ ವೇಗ ಬಹಳ ಮೊದಲೇ ನಿಂತುಬಿಟ್ಟಿತು. ತಿಕ್ಕಾಟ ಟೇಬಲ್ಲಿನಲ್ಲಲ್ಲ, ಎಲ್ಲರೂ ಹಂಚಿಕೊಂಡ ಲಾಗ್, ಬಫರ್ ಮತ್ತು ಲಾಕ್ ವ್ಯವಸ್ಥೆಯ ಒಳಗಿತ್ತು. ಪ್ರೊಸೆಸರ್ ಕೊಂಡು ತಂದು ಈ ಗಂಟು ಬಿಡಿಸಲಾಗದು. ಹೆಚ್ಚು ಪ್ರೊಸೆಸರ್ ಬಂದಷ್ಟೂ ಅದು ಬಿಗಿಯುತ್ತದೆ.

ಈಗ ನಮ್ಮ ನಾಲ್ಕು ತಾಲೂಕುಗಳಿಗೆ ಬರೋಣ. ‘ಭೂಮಿ’ ಯೋಜನೆ ಹೊಸ ಶತಮಾನದ ಆರಂಭದಲ್ಲಿ ಇಡೀ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದಾಗ ಪ್ರತಿ ತಾಲೂಕು ಕಚೇರಿಗೂ ತನ್ನದೇ ಡೇಟಾಬೇಸ್ ಇತ್ತು. ಇಂಡಿಯ ನಮೂದು ಸಿಂದಗಿಯ ನಮೂದಿಗೆ ಅಡ್ಡಬರುತ್ತಿರಲಿಲ್ಲ. ದತ್ತಾಂಶ ಬೆಂಗಳೂರಿನ ಕೇಂದ್ರಕ್ಕೆ ಸರಿದಂತೆ ನಿರ್ವಹಣೆ ಸುಲಭವಾಯಿತು, ಎಲ್ಲಿಂದಲಾದರೂ ಉತಾರ ಸಿಗುವಂತಾಯಿತು. ಹಾಗೆಯೇ ಇನ್ಸರ್ಟಿನ ಒತ್ತಡವೂ ಒಂದೆಡೆ ಕೂಡುವ ಸಾಧ್ಯತೆ ಹುಟ್ಟಿತು. ಈ ಒತ್ತಡ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಆಲಮಟ್ಟಿ ಜಲಾಶಯಕ್ಕಾಗಿ ಜಮೀನು ಸ್ವಾಧೀನವಾದಾಗ ಸರ್ವೆ ನಂಬರುಗಳ ಹಕ್ಕು ಸಾಲುಸಾಲಾಗಿ ಬದಲಾಗುತ್ತದೆ. ತೊಗರಿಯ ಬೆಳೆವಿಮೆಗೆ ಕೊನೆಯ ದಿನ ಹತ್ತಿರ ಬಂದಾಗ ‘ಸಂರಕ್ಷಣೆ’ ಪೋರ್ಟಲ್ಲಿಗೆ ಅರ್ಜಿಗಳು ಒಮ್ಮೆಗೇ ನುಗ್ಗುತ್ತವೆ. ಆದ್ದರಿಂದ ತಿಂಗಳ ಸರಾಸರಿ ನೋಡಿ ಮಾಡಿದ ತಪಾಸಣೆ ನಂಬಲರ್ಹವಲ್ಲ. ದಟ್ಟಣೆಯ ಗಂಟೆಯಲ್ಲೇ ಕಾಯುವಿಕೆಯನ್ನು ಎರಡು ಸಲ ಅಳೆದು ವ್ಯತ್ಯಾಸ ತೆಗೆಯಬೇಕು.

ಪರಿಹಾರಗಳೂ ಬಂದಿವೆ. ಕೀಲಿಯ ಬೈಟುಗಳನ್ನು ತಿರುಗಿಸಿ ಇಡುವ ಒರಾಕಲ್‌ನ ರಿವರ್ಸ್ ಕೀ ಇಂಡೆಕ್ಸ್ ದಾಖಲೆಗಳನ್ನು ಬೇರೆ ಬೇರೆ ಪೇಜುಗಳಿಗೆ ಚದುರಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್ 2019 ಏರುವ ಕೀಲಿಗೆಂದೇ ಪ್ರತ್ಯೇಕ ಆಯ್ಕೆ ತಂದಿತು. ತಾಲೂಕಿನ ಸಂಕೇತವನ್ನು ಕೀಲಿಯ ಮೊದಲಿಗಿಟ್ಟರೂ ತುದಿಗಳು ಹಲವಾಗುತ್ತವೆ. ‘ಭೂಮಿ’ಯಲ್ಲಿ ಮೊದಲು ಬಂದ ಅರ್ಜಿ ಮೊದಲು ಇತ್ಯರ್ಥವಾಗಬೇಕೆಂಬ ನಿಯಮವಿದೆ. ಅದು ರೈತನಿಗೆ ಸಿಕ್ಕ ರಕ್ಷಣೆ, ವೇಗಕ್ಕಾಗಿ ಅದನ್ನು ಸಡಿಲಿಸಬಾರದು. ಆದರೆ ಸರದಿ ಸಂಖ್ಯೆಯನ್ನು ಒಂದು ಕಾಲಮ್ಮಿನಲ್ಲಿಟ್ಟು, ದಾಖಲೆ ಕೂರುವ ಜಾಗವನ್ನು ಬೇರೆ ಕೀಲಿಯಿಂದ ನಿರ್ಧರಿಸಬಹುದು. ಲಾಗ್ ಡಿಸ್ಕಿಗೆ ಇಳಿಯುವ ಮೊದಲೇ ‘ಆಯಿತು’ ಎನ್ನುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿದೆ. ಮತ್ತೆ ತೆಗೆಯಬಹುದಾದ ಬೆಳೆ ಸಮೀಕ್ಷೆಯ ಚಿತ್ರದ ವಿವರಕ್ಕೆ ಅದನ್ನು ಬಳಸಲಡ್ಡಿಯಿಲ್ಲ. ವಾರಸಾ ನಮೂದಿಗೆ ಬಳಸಿದರೆ, ಕರೆಂಟು ಹೋದ ಒಂದು ಕ್ಷಣದಲ್ಲಿ ಒಪ್ಪಿಗೆಯಾದ ಹಕ್ಕೇ ದಾಖಲೆಯಿಂದ ಅಳಿದುಹೋಗಬಹುದು.