ವಿದ್ಯುತ್ ಸೈಕಲ್, ಸ್ವನಿರ್ಮಿತ

ಸಾಮಾನ್ಯ ಸೈಕಲ್ಲಿಗೆ ಮೋಟಾರು, ಬ್ಯಾಟರಿ, ಕಂಟ್ರೋಲರ್ ಜೋಡಿಸಿ ಮನೆಯಲ್ಲೇ ಸಿದ್ಧಪಡಿಸುವ ವಾಹನ. ಹಿಂದಿನ ಚಕ್ರದ ಹಬ್‌ನಲ್ಲಿ ಮೋಟಾರು ಕೂರಿಸಿದ ಸೈಕಲ್ಲಿಗೆ ಅಮೆರಿಕದ ಆಗ್ಡನ್ ಬೋಲ್ಟನ್ 1895ರಲ್ಲಿ ಪೇಟೆಂಟ್ ಪಡೆದ. ಹಬ್ ಮೋಟಾರು ಈಗಲೂ ಹೆಚ್ಚು ಬಳಕೆಯಲ್ಲಿದೆ.

ಬ್ಯಾಟರಿ ಸಾಮಾನ್ಯವಾಗಿ 36 ಅಥವಾ 48 ವೋಲ್ಟಿನದು. 48 ವೋಲ್ಟಿನ ಲಿಥಿಯಂ-ಅಯಾನ್ ಪ್ಯಾಕಿನಲ್ಲಿ 13 ಕೋಶಗಳು ಸರಣಿಯಲ್ಲಿದ್ದು, ಪೂರ್ತಿ ಚಾರ್ಜಾದಾಗ 54.6 ವೋಲ್ಟ್ ಇರುತ್ತದೆ. 10 ಆಂಪಿಯರ್-ಗಂಟೆಯ ಪ್ಯಾಕ್ ಸುಮಾರು 480 ವ್ಯಾಟ್-ಗಂಟೆ ಶಕ್ತಿ ಕೊಡುತ್ತದೆ. ಕಿಲೋಮೀಟರಿಗೆ 12-15 ವ್ಯಾಟ್-ಗಂಟೆ ಖರ್ಚಾದರೆ 32ರಿಂದ 40 ಕಿ.ಮೀ. ಸಾಗಬಹುದು. ಕೋಶಗಳ ಅತಿಚಾರ್ಜು, ಅತಿಬರಿದಾಗುವಿಕೆ ಮತ್ತು ಶಾರ್ಟ್ ಸರ್ಕ್ಯೂಟ್ ತಡೆಯಲು ಬಿಎಂಎಸ್ ಎಂಬ ರಕ್ಷಣಾ ಮಂಡಲ ಅಗತ್ಯ.

ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಅದರ ಆಕ್ಸಲ್ ಹಿಮ್ಮುಖವಾಗಿ ತಿರುಗಲೆಳಸುತ್ತದೆ. ನಟ್ಟು ಸಡಿಲಿದ್ದರೆ ಫೋರ್ಕಿನ ಸೀಳು ಅಗಲವಾಗಿ ಚಕ್ರವೇ ಕಳಚಬಹುದು. ಇದಕ್ಕೆ ತಡೆಯಾಗಿ ಆಕ್ಸಲ್ಲಿಗೆ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಬಿಗಿಯುತ್ತಾರೆ. ಬ್ರೇಕ್ ಹಿಡಿದೊಡನೆ ಮೋಟಾರು ನಿಲ್ಲಿಸುವ ಸ್ವಿಚ್ಚೂ ಇರಬೇಕು.

ಭಾರತದಲ್ಲಿ ಮೋಟಾರು ವಾಹನವೆಂಬ ವರ್ಗೀಕರಣದಿಂದ ವಿನಾಯಿತಿ ಪಡೆಯಲು ಮೋಟಾರಿನ ಸಾಮರ್ಥ್ಯ 250 ವ್ಯಾಟ್‌ಗಿಂತ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿರಬೇಕು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು. ಅಧಿಕೃತ ಪರೀಕ್ಷಾ ಸಂಸ್ಥೆಯ ಅನುಮೋದನೆಯೂ ಬೇಕು.